ಆಪರೇಷನ್ ನನಗೆ, ದಿಗಿಲು ಬೆಕ್ಕಿಗೆ

ಹರ್ನಿಯಾ ಆಪರೇಷನ್‌ಗೆ ತಾರೀಖು ಗೊತ್ತಾದ ಕೂಡಲೇ ಬೆಕ್ಕನ್ನು ಬೆಂಗಳೂರಿನ ಸಾಕುಪ್ರಾಣಿಗಳ ಬೋರ್ಡಿಂಗ್‌ಗೆ ಬಿಡಿ ಅಂದವರೇ ಹೆಚ್ಚು. ತುಮಕೂರಿನಿಂದ 70 ಕಿ.ಮೀ. ಬುಟ್ಟಿಯಲ್ಲಿ ಕುಲುಕಿ, ನಾಯಿ ವಾಸನೆಯ ಜಾಗದಲ್ಲಿ ಇಳಿಸಿದರೆ ಪುಕ್ಕಲು ಬೆಕ್ಕು ಮೊದಲು ಬಿಡುವುದು ಊಟ. ಮನೆಯಲ್ಲೇ ಉಳಿಸಿಕೊಂಡೆ, ಪಕ್ಕದ ಮನೆಯವರು ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ.

ಎರಡು ವಾರ ಮುಂಚೆಯೇ ಅವರ ಅಭ್ಯಾಸ ಶುರು. ಕರೆಯಬಾರದು, ದಿಟ್ಟಿಸಬಾರದು, ಕೈ ಚಾಚಬಾರದು. ತಟ್ಟೆ ಇಟ್ಟು, ನೆಲದಲ್ಲಿ ಕೂತು ಹತ್ತು ನಿಮಿಷ ಪೇಪರ್ ಓದಿ ಎದ್ದು ಹೋಗಬೇಕು. ಪ್ರೀತಿ ಜಾಸ್ತಿ ಇದ್ದವರಿಗೆ ಇದೇ ಕಷ್ಟ.

ಬೆಕ್ಕಿಗೆ ಒಂದೇ ಕೋಣೆ. ಮಂಚದಡಿ ಮುಚ್ಚಿದೆ, ಅಲ್ಲಿ ಮುದುರಿದರೆ ತಿಂದಿತೋ ಸೊರಗಿತೋ ಕಾಣುವುದಿಲ್ಲ. ಬದಲಿಗೆ ಎರಡು ಕಡೆ ಬಾಯಿ ಕತ್ತರಿಸಿದ ರಟ್ಟಿನ ಪೆಟ್ಟಿಗೆ, ಒಳಗೆ ನಾನು ಹೊದ್ದು ಒಗೆಯದ ದುಪ್ಪಟಿ. ಪಕ್ಕದಲ್ಲೇ ಬಾಗಿಲು ತೆರೆದಿಟ್ಟ ಬುಟ್ಟಿ, ಡಾಕ್ಟರ ಹತ್ತಿರ ಓಡಬೇಕಾದರೆ ಹಿಡಿಯುವ ರಂಪ ಇರಬಾರದು.

4 ಕೆಜಿ ಬೆಕ್ಕಿಗೆ ದಿನಕ್ಕೆ 50 ಗ್ರಾಂ ಒಣ ಆಹಾರ, ದಿನಕ್ಕೊಂದರಂತೆ ಪೊಟ್ಟಣ ಕಟ್ಟಿದ್ದೆ. ಮಿಕ್ಕಿದ್ದನ್ನು ತೂಗಿ ಕ್ಯಾಲೆಂಡರ್‌ನಲ್ಲಿ ಬರೆಯುವುದು. "ಸ್ವಲ್ಪ ತಿಂತು" ಅನ್ನುವ ಮಾತಿಗೆ ಬೆಲೆಯಿಲ್ಲ. 24 ಗಂಟೆ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್. ಉಪವಾಸ ಮುಂದುವರಿದರೆ, ಅದರಲ್ಲೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ಬೆಕ್ಕಿನ ಕಕ್ಕಸಾದ ಮರಳಿನ ತಟ್ಟೆಯಲ್ಲಿ ಉಚ್ಚೆ ಗಟ್ಟಿಯಾದ ಉಂಡೆ ಎಣಿಸಬೇಕು. ಗಂಡು ಬೆಕ್ಕು ತಿಣುಕಿ ತಿಣುಕಿ ಒಂದು ಹನಿಯೂ ಬಾರದಿದ್ದರೆ ಬೆಳಗಾಗುವ ತನಕ ಕಾಯುವಂತಿಲ್ಲ.

ಎಡವಟ್ಟು ಆಗಿದ್ದು ಎರಡು. ಅಗ್ಗದ ಬೇರೆ ಮರಳು ಹಾಕಿದ ದಿನ ಕಾಲೊರೆಸು ಒದ್ದೆ. ಪಾಪ ಅಂತ ಕೊಟ್ಟ ನಂದಿನಿ ಹಾಲಿಗೆ ಭೇದಿ. ಮುದ್ದೆ ಊಟದ ಕೋಳಿ ಸಾರಿನ ಚೂರೂ ಬೇಡ ಎಂದು ಮೊದಲೇ ಹೇಳಿದ್ದೆ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಉಪ್ಪಿಲ್ಲದೆ ಬೇಯಿಸಿದ ಕೋಳಿ ಸರಿ.

ಡಿಸ್ಚಾರ್ಜ್ ಆಗಿ ಬಂದಾಗ ಹೊಸ ಅಪಾಯ. ಡೋಲೊ 650 ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು, ಡಬ್ಬಿ ಬೀರುವಿನೊಳಗೆ. ನೋಡಲು ಬರುವವರ ಹೂಗುಚ್ಛದಲ್ಲಿ ಲಿಲಿ ಇದ್ದರೆ ಬಾಗಿಲಲ್ಲೇ ವಾಪಸ್, ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಹೋಗುತ್ತದೆ. ನೆಲಕ್ಕೆ ಫಿನಾಯಿಲ್ ಬಿಟ್ಟು ಬರೀ ನೀರು.

ಆಸ್ಪತ್ರೆ ವಾಸನೆಗೆ ನನ್ನನ್ನೇ ನೋಡಿ ಬುಸುಗುಟ್ಟಿತು. ಬೆನ್ನಟ್ಟಲಿಲ್ಲ. ಆರು ವಾರ ಭಾರ ಎತ್ತಬೇಡಿ ಅಂದಿದ್ದರು, ಬೆಕ್ಕೂ ಭಾರವೇ. 5 ಕೆಜಿ ಮರಳಿನ ಚೀಲವನ್ನು ಒಂದೊಂದು ಕೆಜಿಯ ಡಬ್ಬಗಳಿಗೆ ಮೊದಲೇ ಸುರಿಸಿದ್ದೆ. ಹೊಲಿಗೆ ಮೇಲೆ ದಿಂಬು. ಮಂಚದ ಪಕ್ಕ ಮಣೆ ಇಟ್ಟ ಮೇಲೆ ಹೊಟ್ಟೆಗೆ ಹಾರದೆ ಮೆಟ್ಟಿಲು ಹತ್ತಿದ ಹಾಗೆ ಬರುತ್ತಿತ್ತು.