ಪಾರ್ಟ್ ಟೂನಲ್ಲಿ ಕತ್ತಲೆ ಸಿಗೋದಿಲ್ಲ: ನಾನು ಮಾಡಿದ ರಬ್ಬರ್ ಮುಖಗಳು

ಸಿನಿಮಾದವರಿಗೆ ರಬ್ಬರ್ ಮುಖ ಮಾಡಿಕೊಡೋನು ನಾನು. ಹಾರರ್ ಕಾಮಿಡಿಗೆ ಎರಡನೇ ಪಾರ್ಟ್ ಮಾಡ್ತೇವೆ ಅಂತ ಯಾರೇ ಬಂದ್ರೂ ನಾನು ಮೊದಲು ಕೇಳೋದು ಲೈಟಿಂಗ್ ಬಗ್ಗೆ. ಮೊದಲನೇ ಪಾರ್ಟ್ ಕತ್ತಲೆಯಲ್ಲಿ ಹೇಗೋ ದಾಟಿಹೋಗ್ತದೆ, ಕತ್ತಲೆಗೆ ದುಡ್ಡು ಕೊಡ್ಬೇಕಾಗಿಲ್ಲ. ನಮ್ಮ ಮೊದಲನೇ ಶಾರ್ಟ್ ಫಿಲಂನಲ್ಲಿ ಮುಂಬೈ ಮಾಟುಂಗದ ಒಂದು ಉಡುಪಿ ಹೋಟೆಲಿನ ಅಟ್ಟದಲ್ಲಿ ಒಬ್ಬ ಇದ್ದ, ತಲೆ ಮತ್ತೆ ಎರಡು ಕೈ ಬಿಟ್ರೆ ಮತ್ತೆಂತದೂ ಇಲ್ಲ, ರಾತ್ರಿ ಶಟರ್ ಎಳೆದ ಮೇಲೆ ಇಳಿದು ಬಂದು ಉಳಿದ ಬನ್ಸ್ ತಿನ್ನೋದು, ಬಿಲ್ ಕೊಡದೆ ಹೋದ ಗಿರಾಕಿಗಳನ್ನ ಹುಡುಕಿ ಕಚ್ಚೋದು. ಆ ಕೈ ನನ್ನದೇ, ರಬ್ಬರ್ ಗ್ಲೌಸ್ ಒಳಗೆ. ಎರಡನೇ ಪಾರ್ಟಿಗೆ ನಮ್ಮ ರೈಟರ್ ಎಂತ ಮಾಡಿದ ಅಂದ್ರೆ ಅವನಂಥವರನ್ನೆಲ್ಲ ಡೊಂಬಿವ್ಲಿಯ ಒಂದು ಮನೆಗೆ ತಂದು ಸೇರಿಸಿ ಕೇಟರಿಂಗ್ ಶುರು ಮಾಡಿಸಿದ, ಮದುವೆ ಮುಂಜಿಗೆಲ್ಲ ಅಡುಗೆ ಕಳಿಸ್ತಾರೆ, ಆದ್ರೆ ಬಡಿಸೋಕೆ ಹೊರಗೆ ಬರೋ ಹಾಗಿಲ್ಲ. ಹಗಲು ಹೊತ್ತು, ಟ್ಯೂಬ್‌ಲೈಟ್ ಕೆಳಗೆ, ಎಲ್ಲರೂ ಸಾಲಾಗಿ ಕೂತು ಈರುಳ್ಳಿ ಹೆಚ್ತಿದ್ದಾರೆ, ಅದೇ ಓಪನಿಂಗ್ ಶಾಟ್. ರಬ್ಬರನ್ನ ಎಲ್ಲಿ ಅಡಗಿಸಿಡೋದು ಹೇಳಿ.

ಈ ಜಾತಿಯ ಸಿನಿಮಾಕ್ಕೆ ನನ್ನ ಮಟ್ಟಿಗೆ ಗುರುಮನೆ ಅಂದ್ರೆ ‘ಬಾಸ್ಕೆಟ್ ಕೇಸ್’. ಫ್ರಾಂಕ್ ಹೆನೆನ್‌ಲಾಟರ್ 1982ರಲ್ಲಿ ಹತ್ತಿರ ಹತ್ತಿರ 35 ಸಾವಿರ ಡಾಲರಲ್ಲಿ, 16 ಎಂಎಂನಲ್ಲಿ ನ್ಯೂಯಾರ್ಕಲ್ಲಿ ತೆಗೆದದ್ದು. ಅಂಟಿಕೊಂಡು ಹುಟ್ಟಿದ ಅವಳಿ, ಡಾಕ್ಟರುಗಳು ಕೊಯ್ದು ಬೇರೆ ಮಾಡಿ ಎಸೆದ ತಮ್ಮನನ್ನ ಅಣ್ಣ ಬೆತ್ತದ ಬುಟ್ಟಿಯಲ್ಲಿ ಹೊತ್ತುಕೊಂಡು ತಿರುಗ್ತಾನೆ. ಕೆಲಸಕ್ಕೆ ಇದ್ದದ್ದೇ ನಾಲ್ಕು ಜನ ಅನ್ನೋ ಹಾಗಿತ್ತಂತೆ, ಅವವೇ ಹೆಸರು ಬರ್ತದೆ ಅಂತ ಟೈಟಲ್ ಕಾರ್ಡಲ್ಲಿ ಸುಳ್ಳು ಹೆಸರು ತುಂಬಿಸಿದ್ರು. 1990ರ ಎರಡನೇ ಪಾರ್ಟಲ್ಲಿ ಬುಟ್ಟಿ ಲೆಕ್ಕಕ್ಕೇ ಇಲ್ಲ. ಗ್ರಾನಿ ರೂತ್ ಅಂತ ಒಬ್ಬ ಅಜ್ಜಿ, ಆನಿ ರಾಸ್ ಅನ್ನೋ ಜಾಝ್ ಗಾಯಕಿ ಮಾಡಿದ ಪಾತ್ರ ಅದು, ಊರು ಹೊರಗೆ ಹಾಕಿದವರಿಗೆಲ್ಲ ಅವಳ ಮನೆಯೇ ಮನೆ. ಆ ಮನೆ ತುಂಬ ಗೇಬ್ ಬಾರ್ಟಲೋಸ್ ಮಾಡಿದ ಮುಖಗಳು, ಒಬ್ಬನ ತಲೆಯಂತೂ ಅರ್ಧ ಚಂದ್ರ. ರಬ್ಬರ್ ಅಂತ ಯಾರಿಗಾದ್ರೂ ಗೊತ್ತಾಗ್ತದೆ, ಕೆಲವಂತೂ ಅಲ್ಲಾಡೋದೇ ಇಲ್ಲ. ಆದ್ರೂ ನಡೀತದೆ, ಯಾಕೆ ಅಂದ್ರೆ ಮನೆಯೊಳಗಿನವರು ಯಾರೂ ಆ ಮುಖ ನೋಡಿ ಬೆಚ್ಚಿ ಬೀಳೋದಿಲ್ಲ. ಬೆಚ್ಚೋದು ಹೊರಗಿಂದ ಕ್ಯಾಮೆರಾ ಹಿಡ್ಕೊಂಡು ಇಣುಕೋಕೆ ಬಂದ ಪೇಪರಿನವರು. ನಗು ಬರೋದೂ ಅವರ ಮೇಲೇ. ನಾನು ಅದನ್ನ ಹಿಡ್ಕೊಂಡೇ ಕೆಲಸ ಶುರು ಮಾಡಿದ್ದು.

ಹಾಗಾಗಿ ಸ್ಕೆಚ್ ಹಾಕೋ ಮೊದಲೇ ಒಂದು ಕಂಡೀಷನ್ ಇಟ್ಟೆ. ಸೀಳುತುಟಿ, ಗೂನು, ತೊನ್ನು, ಸುಟ್ಟ ಗಾಯ, ನಿಜವಾದ ಮನುಷ್ಯರಿಗೆ ಇರೋದು ಯಾವುದನ್ನೂ ನಾನು ರಬ್ಬರಲ್ಲಿ ಮಾಡಿಕೊಡೋದಿಲ್ಲ. 1932ರಲ್ಲಿ ಟಾಡ್ ಬ್ರೌನಿಂಗ್ ‘ಫ್ರೀಕ್ಸ್’ ಅನ್ನೋ ಸಿನಿಮಾಕ್ಕೆ ಬೇರೆ ಥರದ ದೇಹ ಇದ್ದ ಸರ್ಕಸ್ಸಿನ ನಿಜವಾದ ಕಲಾವಿದರನ್ನೇ ಹಾಕಿದ, ಬ್ರಿಟನ್ನಿನಲ್ಲಿ ಮೂವತ್ತು ವರ್ಷ ಅದಕ್ಕೆ ಬ್ಯಾನ್ ಇತ್ತು, ಆ ಚರ್ಚೆ ಇನ್ನೂ ಮುಗಿದಿಲ್ಲ, ಇರ್ಲಿ. ನಮ್ಮಲ್ಲಿ ಹಲಸಿನ ಮುಖದವ, ಮೂರು ಮೂಗಿನ ಅಕ್ಕ, ಮತ್ತೆ ಬಾಯಿಯೇ ಇಲ್ಲದ ಹೆಡ್ ಭಟ್ರು, ಇವರು ಸಾಂಬಾರಿನ ರುಚಿ ನೋಡೋದು ಕಿವಿಗೆ ಎರಡು ಹನಿ ಬಿಟ್ಕೊಂಡು.

ಈಗ ಮಟೀರಿಯಲ್ ವಿಷಯ. ದೊಡ್ಡ ಸಿನಿಮಾದವರು ಸಿಲಿಕೋನ್ ಅಥವಾ ಫೋಮ್ ಲೇಟೆಕ್ಸ್ ಅಂತಾರೆ. ಫೋಮಿಗೆ ಓವನ್ ಬೇಕು, ಪ್ಲಾಟಿನಂ ಸಿಲಿಕೋನಿಗೆ ಗಂಧಕ ಇರೋ ಕ್ಲೇ ತಾಗಿದ್ರೆ ಸಾಕು ಗಟ್ಟಿಯೇ ಆಗೋದಿಲ್ಲ, ರೇಟ್ ಬೇರೆ ಕೇಳಬಾರದು. ಜೆಲಾಟಿನ್ ಚೀಪ್, ಆದ್ರೆ ಮುಂಬೈ ಮೇ ತಿಂಗಳಿಗೆ ಅದು ಮುಖದಿಂದ ಇಳಿದು ಕಾಲರ್ ಒಳಗೆ ಹೋಗ್ತದೆ. ಉಳಿದದ್ದು ಲಿಕ್ವಿಡ್ ಲೇಟೆಕ್ಸ್, ರಬ್ಬರ್ ಮರದ ಹಾಲಿಗೆ ಅಮೋನಿಯಾ ಹಾಕಿ ಇಟ್ಟದ್ದು. ನಾನು ಸುಳ್ಯದ ಕಡೆಯವನು, ಆ ವಾಸನೆ ಬಂದ್ರೆ ನನಗೆ ಮನೆ ಹಿಂದಿನ ತೋಟ, ಉಳಿದವರೆಲ್ಲ ಕಿಟಕಿ ಕಡೆ ಓಡ್ತಾರೆ. ಮೌಲ್ಡ್ ಕೆಲಸ ನಾನು ಕಲಿತದ್ದು ಯಾವ ಇನ್‌ಸ್ಟಿಟ್ಯೂಟಲ್ಲೂ ಅಲ್ಲ, ಮುಂಬೈ ಲಾಲ್‌ಬಾಗ್‌ನ ಗಣಪತಿ ಕಾರ್ಖಾನೆಯಲ್ಲಿ, ಒಬ್ಬರು ಮೂರ್ತಿಕಾರ್ ಕಾಕಾ ಹತ್ರ. ಅವರಿಗೆ ದೇವರ ಸೊಂಡಿಲಾದರೂ ಒಂದೇ ನನ್ನ ಮೂರು ಮೂಗಾದರೂ ಒಂದೇ, ಅಂಡರ್‌ಕಟ್, ಅಂದ್ರೆ ಅಚ್ಚು ಬಿಡಿಸೋಕೆ ಬಿಡದ ಒಳಬಾಗು, ಎಲ್ಲಿ ಸಿಕ್ಕಿ ಬೀಳ್ತದೆ ಅಂತ ಬೆರಳಲ್ಲಿ ಮುಟ್ಟಿಯೇ ಹೇಳ್ತಿದ್ರು.

ಮಾಡೋ ರೀತಿ ಹೇಳ್ತೇನೆ. ಆ್ಯಕ್ಟರನ್ನ ಕೂರಿಸಿ ಕೂದಲಿಗೆ ಕ್ಯಾಪ್ ಹಾಕಿ ಹುಬ್ಬಿಗೆ ವ್ಯಾಸಲಿನ್ ಹಚ್ಚಿ, ಹಲ್ಲಿನ ಡಾಕ್ಟರು ಅಚ್ಚು ತೆಗೆಯೋ ಆಲ್ಜಿನೇಟ್ ಉಂಟಲ್ಲ, ಅದನ್ನ ತಣ್ಣೀರಲ್ಲಿ ಕಲಸಿ ಹಣೆಯಿಂದ ಕೆಳಕ್ಕೆ ಬಿಡೋದು. ಮೂಗಿನ ಹೊಳ್ಳೆ ಹತ್ರ ಒಬ್ಬ ಬೇರೆ ಕೆಲಸ ಬಿಟ್ಟು ಅದನ್ನೇ ನೋಡ್ಕೊಂಡಿರಬೇಕು, ಅವನು ಫೋನ್ ಮುಟ್ಟೋ ಹಾಗಿಲ್ಲ. ಮೇಲಿಂದ ಪ್ಲಾಸ್ಟರ್ ಬ್ಯಾಂಡೇಜ್, ಗಟ್ಟಿಯಾದ ಮೇಲೆ ತೆಗೆದು ಒಳಗೆ ಪಿಒಪಿ ಸುರಿದ್ರೆ ಆ್ಯಕ್ಟರ್ ಮುಖ ಕಲ್ಲಾಗಿ ಸಿಗ್ತದೆ. ಅದರ ಮೇಲೆ ಎಣ್ಣೆ ಕ್ಲೇಯಲ್ಲಿ ಹಲಸಿನ ಮುಳ್ಳು ಒಂದೊಂದೇ ಮಾಡಿ, ಅದಕ್ಕೆ ಮತ್ತೆ ಪಿಒಪಿ ಮೌಲ್ಡ್. ಮೌಲ್ಡ್ ಚೆನ್ನಾಗಿ ಒಣಗಿರಬೇಕು, ಆಗ ಲೇಟೆಕ್ಸ್ ಸುರಿದ್ರೆ ಪ್ಲಾಸ್ಟರ್ ನೀರು ಎಳ್ಕೊಂಡು ಗೋಡೆಗೆ ಚರ್ಮ ಕಟ್ಟುತ್ತಾ ಬರ್ತದೆ, ದಪ್ಪ ಸಾಕು ಅನಿಸಿದಾಗ ಉಳಿದದ್ದನ್ನ ವಾಪಸ್ ಡಬ್ಬಕ್ಕೆ ಬಗ್ಗಿಸೋದು. ಬಿಡಿಸುವಾಗ ಒಳಗೆ ಟಾಲ್ಕಂ ಪೌಡರ್ ಹೊಡೀತಾ ಹೊಡೀತಾ ಬಿಡಿಸಬೇಕು, ಇಲ್ಲದಿದ್ರೆ ಲೇಟೆಕ್ಸ್ ಲೇಟೆಕ್ಸಿಗೇ ಅಂಟಿದ್ರೆ ಬ್ರಹ್ಮ ಬಂದ್ರೂ ಬಿಡೋದಿಲ್ಲ. ಒಣಗಿದ ಮೇಲೆ ಸ್ವಲ್ಪ ಕುಗ್ಗುತ್ತದೆ, ಅದಕ್ಕೆ ಕ್ಲೇಯಲ್ಲಿ ಒಂಚೂರು ದೊಡ್ಡದೇ ಮಾಡಿಡ್ತೇನೆ. ಬಣ್ಣಕ್ಕೆ ಬರೀ ಅಕ್ರಿಲಿಕ್ ಹಾಕಿದ್ರೆ ನಗುವಾಗ ಬಿರುಕು ಬಿಡ್ತದೆ, ಪ್ರೋಸ್-ಏಡ್ ಅಂಟಿನ ಜೊತೆ ಕಲಸಿ ಹಚ್ಚಬೇಕು. ಮತ್ತೆ ಮೊದಲೇ ಎಲ್ಲರ ಮೊಣಕೈ ಒಳಗೆ ಸ್ವಲ್ಪ ಲೇಟೆಕ್ಸ್ ಹಚ್ಚಿ ಒಂದು ದಿನ ಕಾಯಬೇಕು, ಅಲರ್ಜಿ ಇದ್ದವರಿಗೆ ಇದು ತಮಾಷೆ ಅಲ್ಲ.

ಡೈರೆಕ್ಟರ್‌ಗೆ ಎಲ್ಲರಿಗೂ ತಲೆಪೂರ್ತಿ ಮಾಸ್ಕ್ ಬೇಕಿತ್ತು. ನಾನು ಒಪ್ಪಲಿಲ್ಲ. ಡೈಲಾಗ್ ಇರೋರಿಗೆ ಮೇಲ್ತುಟಿಯಿಂದ ಮೇಲೆ ಮಾತ್ರ ರಬ್ಬರ್, ಬಾಯಿ ಗಲ್ಲ ಅವರದ್ದೇ. ಹಿಂದೆ ಪಾತ್ರೆ ತೊಳೆಯೋರಿಗೆ ಬೇಕಾದ್ರೆ ಫುಲ್ ಮಾಸ್ಕ್. ನಮ್ಮ ಮಾವ ಯಕ್ಷಗಾನದ ತೆಂಕು ಮೇಳದಲ್ಲಿ ಬಣ್ಣದ ವೇಷ, ಅಂದ್ರೆ ರಾಕ್ಷಸರ ಪಾತ್ರ, ಮಾಡ್ತಿದ್ರು, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ತುಂಬ ಚಿಟ್ಟಿ ಅನ್ನೋ ಮುಳ್ಳಿನಂಥ ಚುಕ್ಕಿ ಇಡೋಕೇ ಗಂಟೆಗಟ್ಟಲೆ, ಅಷ್ಟು ಇಟ್ರೂ ಕಣ್ಣು ಬಾಯಿ ಮುಚ್ಚಿಹೋಗದ ಹಾಗೆ ನೋಡ್ಕೊಳ್ತಿದ್ರು. ರಾಕ್ಷಸ ಅಟ್ಟಹಾಸ ಮಾಡುವಾಗ ಕೆನ್ನೆ ಕುಣಿಯದಿದ್ರೆ ಎಂತ ರಾಕ್ಷಸ ಅದು.

ಕಾಸ್ಟಿಂಗ್ ವಿಷಯ ಒಂದು ಹೇಳಬೇಕು. ನಮ್ಮ ನಾಟಕದ ಟೀಮಲ್ಲಿ ಒಬ್ಬ ಇದ್ದಾನೆ, ಸಣ್ಣದಿರುವಾಗ ತುಟಿ ಹೊಲಿದ ಗುರುತು ಇನ್ನೂ ಉಂಟು. ನನ್ನ ಕಂಡೀಷನ್ ಕೇಳಿ ನಕ್ಕು, “ಹಾಗಾದ್ರೆ ನಂಗೆ ನಿಮ್ಮ ರಬ್ಬರ್ ಬೇಡ ಅಣ್ಣ, ಆ ಟಿವಿ ರಿಪೋರ್ಟರ್ ರೋಲ್ ಕೊಡಿ” ಅಂದ. ಕೊಟ್ವಿ. ಬಿಳಿ ಶರ್ಟ್, ಮೈಕ್, ಕೂದಲಿಗೆ ಜೆಲ್, ಅಡುಗೆಮನೆಗೆ ನುಗ್ಗಿ ಮೂರು ಮೂಗಿನ ಅಕ್ಕನ ಮುಂದೆ ಮೈಕ್ ಹಿಡಿದು, ಮುಖದಲ್ಲಿ ಅಯ್ಯೋ ಪಾಪ ಅನ್ನೋ ಭಾವ ತಂದು, “ನಿಮಗೆ ಹೇಗನಿಸ್ತದೆ” ಅಂತ ಕೇಳ್ತಾನೆ ನೋಡಿ. ಅಕ್ಕ ಈರುಳ್ಳಿ ಹೆಚ್ಚೋದು ನಿಲ್ಲಿಸೋದಿಲ್ಲ. “ಉರೀತದೆ, ಮೂರರಲ್ಲೂ” ಅಂತಾಳೆ. ಆ ಸ್ವರ, ತಲೆ ಓರೆ ಮಾಡೋದು, ಎಲ್ಲಿ ಕಲಿತೆ ಮಾರಾಯ ಅಂತ ಕೇಳಿದ್ರೆ, “ಲೋಕಲ್ ಟ್ರೇನಲ್ಲಿ ಎದುರು ಸೀಟಿನವರು ಫ್ರೀಯಾಗಿ ಕಲಿಸ್ತಾರೆ” ಅಂದ.

ಶೂಟಿಂಗ್ ಅಂದ್ರೆ ಬರೀ ಬೆವರು. ಒಲೆ ನಿಜವಾಗಿ ಉರೀತಿತ್ತು, ರಬ್ಬರ್ ಗಾಳಿ ಬಿಡೋದಿಲ್ಲ, ಬೆವರು ಇಳಿದು ರಬ್ಬರಿನ ಅಂಚಿನ ಅಂಟು ಬಿಡ್ತಿತ್ತು. ಹಾಗಾಗಿ ಹಲಸಿನವನ ಮುಳ್ಳಿನ ಸಂದಿಯಲ್ಲಿ ಕಾಣದ ಹಾಗೆ ತೂತು ಹಾಕಿ, ಕಟ್ ಅಂದ ಕೂಡ್ಲೇ ಚಾರ್ಜರ್ ಫ್ಯಾನ್ ಕುತ್ತಿಗೆಗೆ ಹಿಡೀತಿದ್ವಿ. ಬಾಯಿ ಇಲ್ಲದ ಭಟ್ರಿಗೆ ಗಲ್ಲದ ಅಡಿಯಿಂದ ಸ್ಟ್ರಾ ತೂರಿಸಿ ಮಜ್ಜಿಗೆ. ಬಿಲ್ಡಿಂಗಿನ ಮಕ್ಕಳು ಮೊದಮೊದಲು ಕಿರುಚಿದ್ರು, ಮಧ್ಯಾಹ್ನದ ಹೊತ್ತಿಗೆ ಹಲಸಿನ ಅಂಕಲ್ ಕ್ರಿಕೆಟಿಗೆ ಅಂಪೈರ್ ಆಗಿದ್ರು.

ಮಾಸ್ಕುಗಳು ಈಗ ನಮ್ಮ ಮಂಚದ ಕೆಳಗೆ ಇವೆ, ಪೌಡರ್ ಹಾಕಿ, ಒಳಗೆ ಪೇಪರ್ ತುಂಬಿ, ಬಿಸಿಲು ಬೀಳದ ಹಾಗೆ ಮುಚ್ಚಿ, ಬೆಳಕಿಗೂ ಸೆಕೆಗೂ ರಬ್ಬರ್ ಬೇಗ ಹಾಳಾಗ್ತದೆ. ಹೆಂಡತಿ ಗುಡಿಸುವಾಗ ಆ ಮೂಲೆ ಬಿಟ್ಟೇ ಗುಡಿಸ್ತಾಳೆ. ರೈಟರ್ ಈಗ ಮೂರನೇ ಪಾರ್ಟ್ ಬರೀತಿದ್ದಾನಂತೆ, ಇವರೆಲ್ಲ ಗೋವಾಕ್ಕೆ ಟೂರ್ ಹೋಗೋ ಕಥೆ, ಪೂರ್ತಿ ಔಟ್‌ಡೋರ್, ಅದೂ ಮಳೆಯಲ್ಲಿ. ನಾನು ನನ್ನ ರೇಟ್ ಕಳಿಸಿದ್ದೇನೆ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.