ಸಾಗರ ತಾಲ್ಲೂಕಿನಲ್ಲಿ 11 ಲಕ್ಷಕ್ಕೆ ಹೆಂಚಿನ ಮನೆ: ನನ್ನ ಅನುಭವ

"ಆ ದುಡ್ಡಿಗೆ ದನದ ಕೊಟ್ಟಿಗೆಯೂ ಸಿಗಲ್ಲ" ಅಂದಿದ್ದ ನಮ್ಮ ಭಾವ ಕಳೆದ ವಾರ ಇದೇ ಮನೆಯ ಜಗುಲಿಯಲ್ಲಿ ಕೂತು ಎರಡು ಲೋಟ ಕಷಾಯ ಕುಡಿದು ಹೋದರು. ಸಾಗರ ಪೇಟೆಯಿಂದ ಸುಮಾರು 20 ಕಿಲೋಮೀಟರ್, ಆರು ಗುಂಟೆ ಜಾಗ, ಬಾವಿ. ಮನೆಗೆ 11 ಲಕ್ಷ. ರಿಜಿಸ್ಟ್ರೇಷನ್, ರಿಪೇರಿ ಸೇರಿ 15ರ ಹತ್ತಿರ ಬಂತು.

ಇದಕ್ಕೂ ಮೊದಲು ಇನ್ನೊಂದು ಕಡೆ 50 ಸಾವಿರ ಕಳೆದುಕೊಂಡಿದ್ದೆ. ಊಟ ಹಾಕಿ ಚೆನ್ನಾಗಿ ಮಾತಾಡಿದರು, ಕಂದಾಯ ರಸೀದಿ ತೋರಿಸಿದರು, ನಾನೂ ಸುಮ್ನೆ ಅಡ್ವಾನ್ಸ್ ಕೊಟ್ಟುಬಿಟ್ಟೆ. ಆಮೇಲೆ ನೋಡಿದರೆ ಮನೆ ನಿಂತಿದ್ದು ತೋಟದ ಸರ್ವೆ ನಂಬರಿನಲ್ಲಿ, ಕನ್ವರ್ಷನ್ (ಕೃಷಿ ಜಮೀನನ್ನು ಮನೆ ಜಾಗವಾಗಿ ಬದಲಿಸುವುದು) ಆಗಿಲ್ಲ, ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತು ಇಲ್ಲ. ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ. ಈಗ ಇ-ಸ್ವತ್ತಿನ ಫಾರಂ 9, 11ಎ ಕಣ್ಣಿಗೆ ಬೀಳುವವರೆಗೆ ನಾನು ಊಟಕ್ಕೂ ಕೂರಲ್ಲ.

ಈ ಮನೆಯ ವಂಶವೃಕ್ಷದಲ್ಲಿ ಮೂವರು ಗಂಡು, ನಾಲ್ವರು ಹೆಣ್ಣುಮಕ್ಕಳು. "ತಂಗಿಯರಿಗೆ ಮದುವೆ ಆಗಿದೆ, ಅವರ ಸಹಿ ಯಾಕೆ?" ಅಂದರು ದೊಡ್ಡವರು. ಆ ಮಾತು ನಂಬಿದವರು ಪಾಲಿನ ಕೇಸಿಗೆ ಎಷ್ಟು ಕೋರ್ಟು ಅಲೆಯುತ್ತಿದ್ದಾರೆ ಅಂತ ನಿಮಗೂ ಗೊತ್ತು ಅಲ್ವಾ? ತಂಗಿಯರಲ್ಲಿ ಒಬ್ಬರು ಹುಬ್ಬಳ್ಳಿ, ಒಬ್ಬರು ಮುಂಬೈ. ಏಳೂ ಜನರನ್ನು ಒಂದೇ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆಸಿದೆ. ಹೇಗೆ ಅಂತ ಹೇಳಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಸ್ವಲ್ಪ ಕೆಲಸ ಮಾಡಿತು, ಅಷ್ಟೇ.

ಮನೆ ನೋಡಿದ್ದು ಎರಡು ಸಲ. ಜುಲೈ ಮಳೆಯಲ್ಲಿ ಅಟ್ಟ ಹತ್ತಿದಾಗ ಏಳೆಂಟು ಕಡೆ ಸೋರುತ್ತಿತ್ತು. ಏಪ್ರಿಲ್ ಕೊನೆಗೆ ಬಾವಿಗೆ ಹಗ್ಗ ಬಿಟ್ಟರೆ ಎರಡು ಮೊಳ ನೀರು. ಆ ಒದ್ದೆ ಹಗ್ಗ ಅವರ ಮುಂದೆ ಹಿಡಿದೇ 14ರಿಂದ 11ಕ್ಕೆ ಇಳಿಸಿದ್ದು.

ರಿಪೇರಿ ಲೆಕ್ಕ ಮಾತ್ರ ಪೂರ್ತಿ ತಪ್ಪಿತು. ಮಾಡಿಗೆ (ಹೆಂಚಿನ ಚಾವಣಿಗೆ) 80 ಸಾವಿರ ಅಂದುಕೊಂಡಿದ್ದೆ, ಎರಡು ಲಕ್ಷ ದಾಟಿತು. ಹೆಂಚಿನ ಕೆಳಗಿನ ಮರದ ಪಟ್ಟಿ, ಅಂದರೆ ರೀಪು, ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ಹಳೇ ಹೆಂಚನ್ನು ಒಂದೊಂದಾಗಿ ಬೆರಳಲ್ಲಿ ಬಡಿದು ನೋಡಿದೆವು: ಟಣ್ ಅಂದದ್ದು ಮತ್ತೆ ಮಾಡಿಗೆ, ಬದ್ ಅಂದದ್ದು ಹಿತ್ತಲಿಗೆ. ಹಾಗೇ ಒಂದು ಪ್ರಯೋಗವನ್ನೂ ಮಾಡಿದೆ. ಜಗುಲಿ ಕಡೆಯ ರೀಪಿಗೆ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು), ಅಡುಗೆಮನೆ ಕಡೆ ಗ್ಯಾರೇಜಿನಿಂದ ತಂದ ಸುಟ್ಟ ಆಯಿಲ್. ಎರಡು ಮಳೆಗಾಲ ಕಳೆದರೂ ಗೇರು ಎಣ್ಣೆ ಕಡೆ ಗೆದ್ದಲು ಬಂದಿಲ್ಲ. ಕೈಗವಸು ಹಾಕದೆ ಬಳಿದದ್ದಕ್ಕೆ ನನ್ನ ಅಂಗೈ ಚರ್ಮ ಮಾತ್ರ ವಾರಗಟ್ಟಲೆ ಸುಲಿಯಿತು. ಆಯಿಲ್ ಬಳಿದ ಕಡೆ, ಒಲೆಯ ಮೇಲಿನ ಮೂಲೆಯಲ್ಲಿ, ಗೆದ್ದಲಿನ ಮಣ್ಣಿನ ಗೆರೆ ಎದ್ದಿದೆ. ಈ ಬೇಸಿಗೆಯಲ್ಲಿ ಅದನ್ನು ಬಿಚ್ಚಬೇಕು.