ಫ್ರೆಂಚ್ ಓದಿದರೆ ಅರ್ಥವಾಗುತ್ತೆ, ಮಾತಿಗೆ ಬಾಯಿ ಬರಲ್ಲ ಅನ್ನುವವರಿಗೆ

ಫ್ರೆಂಚ್ ಕಲಿಕೆಯ ಎರಡನೇ ಹಂತವಾದ ಎ2 ಮುಗಿದಿದೆ, ಕ್ರಿಯಾಪದಗಳ ಪಟ್ಟಿ ಬಾಯಿಪಾಠವಾಗಿದೆ, ಸಣ್ಣ ಲೇಖನ ಓದಿದರೆ ತಿಳಿಯುತ್ತೆ. ಆದರೆ ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಫ್ರೆಂಚರೊಬ್ಬರು ದಾರಿ ಕೇಳಿದರೆ ಗಂಟಲು ಕಟ್ಟುತ್ತೆ. ಕೆಲಸ, ಸಂಸಾರದ ನಡುವೆ ದೊಡ್ಡವರಾದ ಮೇಲೆ ಕಲಿತವರಲ್ಲಿ ಇದು ಮಾಮೂಲು. ಇನ್ನಷ್ಟು ವ್ಯಾಕರಣ ಓದಿದರೆ ಇದು ಹೋಗುವುದಿಲ್ಲ. ಬಾಯಿ ಮತ್ತು ಕಿವಿಯನ್ನು ಬೇರೆಯಾಗಿ ಪಳಗಿಸಬೇಕು, ಅದೂ ನಮ್ಮದು ಕನ್ನಡದ ಬಾಯಿ ಎಂಬುದನ್ನು ಲೆಕ್ಕಕ್ಕಿಟ್ಟುಕೊಂಡು. ಪಠ್ಯಗಳ ಉಚ್ಚಾರದ ಸಲಹೆಗಳು ಬಹುಮಟ್ಟಿಗೆ ಇಂಗ್ಲಿಷ್ ನಾಲಗೆಗೆ ಬರೆದವು. ಅವುಗಳಲ್ಲಿ ಎಷ್ಟೋ ನಮಗೆ ಬೇಡ, ನಮಗೆ ಬೇಕಾದ ಕೆಲವು ಅಲ್ಲಿಲ್ಲ.

ಮೊದಲು ಓದುವ ಗುರುತು ತಿಳಿದುಕೊಳ್ಳಿ. ಇಲ್ಲಿ ಫ್ರೆಂಚ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಸೊನ್ನೆ ಬಂದಲ್ಲಿ ಸ್ವರ ಮೂಗಿನಿಂದ ಬರಬೇಕು, ನ್ ಅಥವಾ ಮ್ ಕೇಳಿಸಬಾರದು. ಜ ಎಂದರೆ ‘ಶ’ಕ್ಕೆ ಗಂಟಲಿನ ನಾದ ಸೇರಿಸಿದ ಧ್ವನಿ. ಜ಼ ಎಂದರೆ ಜೇನುನೊಣದ ಸದ್ದು. ‘ಯು’ ಎಂದು ಬರೆದಿರುವುದು ಕನ್ನಡದಲ್ಲಿಲ್ಲದ ಒಂದು ಸ್ವರ, ಅದರ ವಿಷಯ ಮುಂದೆ ಬರುತ್ತೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಹೀಗೆ ಬರೆದಿಟ್ಟುಕೊಳ್ಳಬೇಡಿ. ಕನ್ನಡ ಅಕ್ಷರ ಕಂಡೊಡನೆ ಬಾಯಿ ಕನ್ನಡದ ಧ್ವನಿಗೇ ಓಡುತ್ತೆ.

ನಮಗೆ ಬಿಟ್ಟಿಯಾಗಿ ಬಂದಿರುವುದು

ಫ್ರೆಂಚಿನ ತ ಮತ್ತು ದ ಹಲ್ಲಿಗೆ ತಾಗುವ ಧ್ವನಿಗಳು, ಹೆಚ್ಚುಕಡಿಮೆ ಕನ್ನಡದವೇ. ಶಾಲೆಯಲ್ಲಿ ಇಂಗ್ಲಿಷ್ ಕಲಿತ ಅಭ್ಯಾಸದಿಂದ ‘ಟಾಬ್ಲ್’, ‘ಮಡಾಮ್’ ಅನ್ನುತ್ತೇವೆ. ‘ತಾಬ್ಲ್’, ‘ಮದಾಮ್’ ಅನ್ನಿ. ಪ, ತ, ಕ ಹೇಳುವಾಗ ಗಾಳಿ ಚಿಮ್ಮಬಾರದು. ಅಂಗೈಯನ್ನು ಬಾಯಿಗೆ ಹಿಡಿದು ‘ಪಾರೀ’ ಅಂದರೆ ಕೈಗೆ ಉಸಿರು ತಾಗಬಾರದು. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಜಾಗ ಇದು. ನಾವು ‘ಪಾತ್ರೆ’, ‘ಕತ್ತಿ’ ಅಂದಂತೆ ಅಂದುಬಿಟ್ಟರೆ ಆಯಿತು.

ಹಾಲಿಗೆ ‘ಆಲು’, ಹೋಗ್ತೀನಿ ಅನ್ನಲು ‘ಓಯ್ತೀನಿ’ ಅನ್ನುವ ಮಂಡ್ಯದ ಬಾಯಿಗೆ ಇನ್ನೂ ಒಂದು ಲಾಭವಿದೆ. ಫ್ರೆಂಚಿನಲ್ಲಿ ‘ಹ’ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹೋಟೆಲು ‘ಓತೆಲ್’, ಆಸ್ಪತ್ರೆ ‘ಓಪಿತಾಲ್’. ಊರಲ್ಲಿ ತಿದ್ದಿಸಿಕೊಂಡ ಮಾತನ್ನು ಇಲ್ಲಿ ಧೈರ್ಯವಾಗಿ ಆಡಬಹುದು.

ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ನಮಗೆ ಹೊಸದಲ್ಲ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಂತೆ ‘ಜ’ ಮತ್ತು ‘ಎಮ್’ ಸೇರಿ ‘ಜೆಮ್’ ಆಗುತ್ತೆ: ನನಗೆ ಇಷ್ಟ. ಇದು ಲೋಪಸಂಧಿ. ‘ಮನೆ’ಗೆ ‘ಅನ್ನು’ ಸೇರುವಾಗ ನಡುವೆ ಯಕಾರ ಬಂದಂತೆ, ‘ಲೆ’ ಮತ್ತು ‘ಆಮಿ’ ನಡುವೆ ಜ಼ ಬಂದು ‘ಲೆಜ಼ಾಮಿ’ ಆಗುತ್ತೆ: ಸ್ನೇಹಿತರು. ಈ ಜ಼ ಅಲಂಕಾರಕ್ಕೆ ಬಂದದ್ದಲ್ಲ. ‘ಇಲ್‌ಜ಼ೋಂ’ ಅಂದರೆ ಅವರ ಹತ್ತಿರ ಇದೆ, ‘ಇಲ್‌ಸೋಂ’ ಅಂದರೆ ಅವರು ಇದ್ದಾರೆ. ‘ದೊಜ಼ರ್’ ಎರಡು ಗಂಟೆ, ‘ದೂಜ಼ರ್’ ಹನ್ನೆರಡು ಗಂಟೆ. ರೈಲಿನ ಸಮಯ ಕೇಳುವಾಗ ಎಡವುವುದು ಇಲ್ಲೇ.

ಎಲ್ಲಕ್ಕಿಂತ ಮೊದಲು ತಿದ್ದಿಕೊಳ್ಳಬೇಕಾದ ತಪ್ಪು

‘ನಾನು’ ಎಂಬುದನ್ನು ಕನ್ನಡಿಗರು ‘ಜೆ’ ಅನ್ನುತ್ತಾರೆ. ಆ ಪದದ ಸ್ವರ ಕನ್ನಡದಲ್ಲಿಲ್ಲ, ಹತ್ತಿರದ ಎ ಹಾಕಿಬಿಡುತ್ತೇವೆ. ತೊಂದರೆ ಏನೆಂದರೆ ‘ಜೆ’ ಎಂಬುದು ಭೂತಕಾಲದ ಆರಂಭ. ‘ಜ್ ಮಾಂಜ್’ ಅಂದರೆ ತಿನ್ನುತ್ತೇನೆ, ‘ಜೆ ಮಾಂಜೆ’ ಅಂದರೆ ತಿಂದೆ. ‘ಜೆ ಮಾಂಜ್’ ಅಂದಾಗ ಎದುರಿನವರಿಗೆ ತಿಂದಾಯಿತೋ ತಿನ್ನಬೇಕೋ ತಿಳಿಯುವುದಿಲ್ಲ. ಏಕವಚನ ಬಹುವಚನಗಳ ಕತೆಯೂ ಇದೇ: ‘ಲ ಲೀವ್ರ್’ ಒಂದು ಪುಸ್ತಕ, ‘ಲೆ ಲೀವ್ರ್’ ಹಲವು. ಪುಸ್ತಕದ ಹೆಸರಿನ ಉಚ್ಚಾರ ಎರಡರಲ್ಲೂ ಒಂದೇ, ಎಷ್ಟು ಎಂದು ಹೇಳುವ ಕೆಲಸವೆಲ್ಲ ಅದಕ್ಕೆ ಮೊದಲು ಬರುವ ಸ್ವರದ್ದು.

ಪರಿಹಾರ ಸರಳ. ‘ನಾನು’ ಅನ್ನುವಾಗ ಸ್ವರವನ್ನು ನುಂಗಿ ಬರೀ ‘ಜ್’ ಅನ್ನಿ, ತುಟಿ ಕೊಂಚ ಮುಂದೆ ಬರಲಿ. ಫ್ರೆಂಚರೂ ವೇಗದಲ್ಲಿ ಹಾಗೇ ನುಂಗುತ್ತಾರೆ. ‘ಜೆ’ ಅನ್ನುವಾಗ ನಗುವವರಂತೆ ತುಟಿ ಅಗಲಿಸಿ. ಹತ್ತು ಕ್ರಿಯಾಪದ ಆರಿಸಿಕೊಂಡು ವರ್ತಮಾನ, ಭೂತ ಜೋಡಿಯಾಗಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮಾರನೆಯ ದಿನ ಕೇಳಿದಾಗ ಯಾವುದು ಯಾವುದೆಂದು ನಿಮಗೇ ಗೊತ್ತಾಗದಿದ್ದರೆ ಮತ್ತೆ ಮಾಡಿ. ಎರಡು ವಾರ ದಿನಕ್ಕೆ 5 ನಿಮಿಷ ಇದಕ್ಕೇ ಇಡಿ.

ಮೂಗಿನ ಸ್ವರದಲ್ಲಿ ನಮ್ಮ ಸೊನ್ನೆಯೇ ಶತ್ರು. ಕಂಬದ ಸೊನ್ನೆ ಮ್, ಸಂತೆಯ ಸೊನ್ನೆ ನ್, ಅಂಗಡಿಯ ಸೊನ್ನೆ ಙ್. ಫ್ರೆಂಚಿನಲ್ಲಿ ಇದಾವುದೂ ಅಲ್ಲ, ನಾಲಗೆ ಎಲ್ಲೂ ತಾಗಬಾರದು. ಹಿರಿಯರು ಕತೆ ಹೇಳುವಾಗ ನಾವು ಹಾಕುವ ‘ಹೂಂ’ನಲ್ಲಿ ತುಟಿ ಮುಚ್ಚದೆ ಮೂಗಿನಿಂದ ಬರುವ ಸ್ವರವಿದೆಯಲ್ಲ, ಅಲ್ಲಿಂದ ಶುರುಮಾಡಿ. ಅದೇ ರೀತಿಯಲ್ಲಿ ಆ, ಓ, ಆ್ಯ ಎಳೆಯಿರಿ, ನಾಲಗೆಯ ತುದಿ ಕೆಳಹಲ್ಲಿನ ಹಿಂದೆಯೇ ಇರಲಿ. ಪರೀಕ್ಷೆಗೆ ಮೂರು ಪದ: ‘ವ್ಯಾಂ’ ವೈನ್, ‘ವಾಂ’ ಗಾಳಿ, ‘ವೋಂ’ ಹೋಗುತ್ತಾರೆ.

‘ಯು’ ಎಂದು ಬರೆದ ಸ್ವರಕ್ಕೆ ಈ ಅನ್ನುತ್ತಾ ನಾಲಗೆಯನ್ನು ಅಲ್ಲೇ ಹಿಡಿದು, ಸಿಳ್ಳೆ ಹಾಕುವಂತೆ ತುಟಿ ಮಾತ್ರ ಉರುಟು ಮಾಡಿ. ತುಟಿಯ ಜೊತೆ ನಾಲಗೆಯೂ ಹಿಂದೆ ಸರಿದರೆ ಊ ಆಗಿಬಿಡುತ್ತೆ. ‘ಸ್ಯುರ್ ಲಾ ತಾಬ್ಲ್’ ಮೇಜಿನ ಮೇಲೆ, ‘ಸೂ ಲಾ ತಾಬ್ಲ್’ ಮೇಜಿನ ಕೆಳಗೆ.

ಗಂಟಲಿನ ರಕಾರಕ್ಕೆ ಉರ್ದು ಮಾತಾಡುವ ನೆರೆಯವರನ್ನು ಕೇಳಿ. ಗಜಲ್, ಗರೀಬ್ ಪದಗಳ ಮೊದಲ ಧ್ವನಿಯನ್ನು ಅವರು ಹೇಳುವ ರೀತಿ ಫ್ರೆಂಚ್ ರಕಾರದ ಪಕ್ಕದಲ್ಲೇ ಇದೆ. ಬರದಿದ್ದರೆ ಚಿಂತೆ ಬೇಡ, ನಮ್ಮ ರಕಾರದಲ್ಲೂ ಅರ್ಥವಾಗುತ್ತೆ. ‘ಬಸ್’ ಅನ್ನು ‘ಬಸ್ಸು’ ಮಾಡುವ ಚಟವನ್ನು ಮಾತ್ರ ಬಿಡಿ. ‘ಆವೆಕ್’ ಎಂಬುದು ‘ಆವೆಕ್ಕು’ ಆಗಬಾರದು, ‘ಎಲ್’ ಎಂಬುದು ‘ಯೆಲ್ಲು’ ಆಗಬಾರದು.

ಪುಸ್ತಕದ ಫ್ರೆಂಚ್, ಬಾಯಿಯ ಫ್ರೆಂಚ್

‘ಹೋಗುತ್ತೇನೆ’ಗೂ ‘ಓಯ್ತೀನಿ’ಗೂ ಇರುವ ದೂರ ಅಲ್ಲೂ ಇದೆ. ಗೊತ್ತಿಲ್ಲ ಅನ್ನಲು ಪುಸ್ತಕದಲ್ಲಿ ‘ಜ ನ ಸೆ ಪಾ’, ಬೀದಿಯಲ್ಲಿ ‘ಶೆ ಪಾ’. ಮಾತಿನಲ್ಲಿ ‘ನ’ ಬಹುತೇಕ ಬಿದ್ದುಹೋಗಿ ನಿಷೇಧದ ಭಾರವೆಲ್ಲ ‘ಪಾ’ ಮೇಲೆ ಬೀಳುತ್ತೆ. ‘ಇಲ್ ಯಾ’ ಬರೀ ‘ಯಾ’ ಆಗುತ್ತೆ, ‘ತ್ಯು ಆ’ ‘ತಾ’ ಆಗುತ್ತೆ. ನಾವು ಹೋಗುತ್ತೇವೆ ಅನ್ನಲು ‘ನೂಜ಼ಾಲೋಂ’ ಬದಲು ‘ಓಂ ವಾ’. ಏನಿದು ಅನ್ನಲು ‘ಸೆ ಕ್ವಾ?’ ಇವನ್ನು ಕಿವಿಗೆ ಮೊದಲು ಹಾಕಿಕೊಳ್ಳಿ. ಇವು ಗೊತ್ತಿಲ್ಲದೆ ‘ಅವರು ತುಂಬಾ ವೇಗವಾಗಿ ಮಾತಾಡ್ತಾರೆ’ ಅನ್ನುವುದು ಅರ್ಧ ಮಾತ್ರ ನಿಜ.

ಇನ್ನೊಂದು ಅಡ್ಡಿ ವಾಕ್ಯದ ದಿಕ್ಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಹಾಗಾಗಿ ತಲೆಯಲ್ಲಿ ಇಡೀ ವಾಕ್ಯ ಮುಗಿಸಿಕೊಂಡು, ಅನುವಾದಿಸಿ, ಆಮೇಲೆ ಬಾಯಿ ತೆರೆಯುತ್ತೇವೆ. ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತೆ. ಬದಲಿಗೆ ಕನ್ನಡ ವಾಕ್ಯವನ್ನು ಬಾಲದಿಂದ ಹಿಡಿಯಿರಿ. ‘ನಾಳೆ ಮಗಳನ್ನ ಡಾಕ್ಟರ ಹತ್ರ ಕರ್ಕೊಂಡ್ಹೋಗ್ಬೇಕು’ ಎಂಬುದರಲ್ಲಿ ‘ಬೇಕು’ ಮೊದಲು: ‘ಜ್ ದ್ವಾ’. ಆಮೇಲೆ ಕರ್ಕೊಂಡ್ಹೋಗು, ‘ಆಂಮ್ನೆ’. ಯಾರನ್ನು, ‘ಮಾ ಫೀಯ್’. ಎಲ್ಲಿಗೆ, ‘ಶೇ ಲ ಮೆದ್ಸ್ಯಾಂ’. ಯಾವಾಗ, ‘ದಮ್ಯಾಂ’. ಪ್ರತಿ ತುಂಡಿನ ನಂತರ ನಿಲ್ಲಬಹುದು, ಕೇಳುವವರು ಕಾಯುತ್ತಾರೆ. ಇಂಥ ಐದು ಬಾಗಿಲು ಸಾಕು: ‘ಜ್ ದ್ವಾ’ ಮಾಡಬೇಕು, ‘ಜ್ ವೆ’ ಮಾಡಲಿದ್ದೇನೆ, ‘ಜ್ ಪೊ’ ಮಾಡಬಲ್ಲೆ, ‘ಜ್ ವ್ಯಾಂ ದ’ ಈಗಷ್ಟೇ ಮಾಡಿದೆ, ‘ಜೆ ಆಂವೀ ದ’ ಮಾಡುವ ಆಸೆ. ಇವುಗಳ ಮುಂದೆ ಕ್ರಿಯಾಪದದ ಮೂಲರೂಪವೇ ಬರುವುದರಿಂದ ರೂಪಗಳ ತಲೆನೋವಿಲ್ಲ.

ಯೋಚಿಸುವಾಗ ‘ಅಂದ್ರೆ’, ‘ಮತ್ತೆ’ ಅನ್ನುವುದನ್ನೂ ಬದಲಿಸಿಕೊಳ್ಳಿ. ‘ಅಂದ್ರೆ’ಗೆ ‘ಆಂ ಫೆತ್’, ‘ಹಂಗಾಗಿ’ಗೆ ‘ದ್ಯು ಕೂ’, ‘ಹೌದಾ?’ಗೆ ‘ಆ ಬೋಂ?’ ಪದ ಮರೆತಾಗ ‘ಸೆತ್ ಅಂ ತ್ರ್ಯುಕ್ ಪುರ್’, ಅಂದರೆ ‘ಇಂಥದ್ದಕ್ಕೆ ಬಳಸೋ ವಸ್ತು’, ಅಂದು ಮುಂದುವರಿಯಿರಿ.

ದಿನದ ಸಾಧನೆ

ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊ ಸರಳ ಫ್ರೆಂಚಿನಲ್ಲಿ 10 ನಿಮಿಷದ ಸುದ್ದಿ ಕೊಡುತ್ತೆ, ಪಠ್ಯವೂ ಜೊತೆಗಿರುತ್ತೆ. ಟಿವಿ5 ಮೋಂದ್ ಎಂಬ ಫ್ರೆಂಚ್ ವಾಹಿನಿಯ ಕಲಿಕೆಯ ತಾಣದಲ್ಲಿ ಎ1ರಿಂದ ಬಿ2ವರೆಗಿನ ಅಭ್ಯಾಸಗಳು ಉಚಿತ. ರೇಡಿಯೊ ಸುದ್ದಿಯಲ್ಲಿ 30ರಿಂದ 40 ಸೆಕೆಂಡಿನ ತುಣುಕು ಮಾತ್ರ ಕತ್ತರಿಸಿಕೊಳ್ಳಿ. ಪಠ್ಯ ನೋಡದೆ ಮೂರು ಸಲ ಕೇಳಿ. ನಂತರ ಪಠ್ಯ ತೆರೆದು, ಓದುವವರು ಉಸಿರು ತೆಗೆದುಕೊಂಡಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿ. ಆಮೇಲೆ ಅವರ ಬೆನ್ನ ಹಿಂದೆಯೇ, ಅರ್ಧ ಸೆಕೆಂಡ್ ತಡವಾಗಿ, ಜೋರಾಗಿ ಹೇಳುತ್ತಾ ಹೋಗಿ, ಎಂಟು ಹತ್ತು ಸಲ. ಕೊನೆಯ ಎರಡು ಸಲ ಪಠ್ಯ ಮುಚ್ಚಿ. ಮೂರು ನಿಮಿಷದ ತುಣುಕು ಹಿಡಿದವರು ಮೂರನೇ ದಿನಕ್ಕೆ ಬಿಡುತ್ತಾರೆ. ವೇಗ ಕಡಿಮೆ ಮಾಡುವುದಾದರೆ ಮುಕ್ಕಾಲಿಗಿಂತ ಕೆಳಗಿಳಿಸಬೇಡಿ, ಸ್ವರಗಳು ಎಳೆದು ಕೆಡುತ್ತವೆ.

ಮಂಡ್ಯ, ಮದ್ದೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಕೇಳಲು ಬೇಕಾದಷ್ಟು ಹೊತ್ತಿದೆ. ಬಾಯಿಬಿಟ್ಟು ಹೇಳಲು ಕುಕ್ಕರಹಳ್ಳಿ ಕೆರೆಯ ಏರಿಯೋ ನಾಲೆಯ ದಂಡೆಯೋ ವಾಸಿ. ಕಿವಿಗೆ ಇಯರ್‌ಫೋನ್ ಇದ್ದರೆ ಫೋನಿನಲ್ಲಿ ಮಾತಾಡುತ್ತಿದ್ದಾರೆ ಎಂದುಕೊಂಡು ಯಾರೂ ತಿರುಗಿ ನೋಡುವುದಿಲ್ಲ.

ವಾರಕ್ಕೆ ಮೂರು ದಿನ ಒಂದು ವಿಷಯ ಆರಿಸಿ 4 ನಿಮಿಷ ಮಾತಾಡಿ. ಅದೇ ವಿಷಯವನ್ನು 3 ನಿಮಿಷದಲ್ಲಿ, ಮತ್ತೆ 2 ನಿಮಿಷದಲ್ಲಿ ಹೇಳಿ. ಹೊಸದೇನೂ ಸೇರಿಸಬೇಡಿ, ತಡವರಿಕೆ ತಾನೇ ಉದುರುತ್ತೆ. ವಿಷಯ ನಿಮ್ಮೂರಿನದೇ ಇರಲಿ, ಪರದೇಶದವರು ಕೇಳುವುದು ಅದನ್ನೇ. ಮದ್ದೂರು ವಡೆ ಏನು ಎಂದರೆ: ‘ಸೆತ್ಯುನ್ ಗಾಲೆತ್ ಫ್ರೀತ್, ತ್ರೆ ಕ್ರೂಸ್ತಿಯಾಂತ್, ಆವೆಕ್ ದೆಜ಼ೋನ್ಯೋಂ’, ಕರಿದ ಬಿಲ್ಲೆ, ತುಂಬ ಗರಿಗರಿ, ಈರುಳ್ಳಿ ಹಾಕಿದ್ದು. ಗಾಲೆತ್ ಸ್ತ್ರೀಲಿಂಗ, ಅದಕ್ಕೇ ‘ಫ್ರೀ’ ಹೋಗಿ ‘ಫ್ರೀತ್’ ಆಯಿತು. ಮುದ್ದೆಗೆ ‘ಓಂ ಲಾವಾಲ್ ಸಾಂ ಮಾಶೆ’, ಅಗಿಯದೆ ನುಂಗುತ್ತೇವೆ, ಅಂದರೆ ಮುಂದಿನ ಹತ್ತು ಪ್ರಶ್ನೆ ಅವರೇ ಕೇಳುತ್ತಾರೆ. ಪಾಂಡವಪುರಕ್ಕೆ ಹಿಂದೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತು, ಹೈದರ್ ಮತ್ತು ಟಿಪ್ಪುವಿನ ಸೇನೆಯ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದರಿಂದ. ಫ್ರೆಂಚರ ಜೊತೆ ಮಾತಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ.

ಸಂಖ್ಯೆಗಳಿಗೆ ಗಾಡಿಗಳ ನಂಬರ್ ಪ್ಲೇಟೇ ಪಾಠ. ಸಿಗ್ನಲ್ಲಿನಲ್ಲಿ ಮುಂದಿನ ಕೆಎ 11 ಗಾಡಿ 7692 ಅಂದಿಟ್ಟುಕೊಳ್ಳಿ, ಎರಡೆರಡಾಗಿ ಒಡೆಯಿರಿ: 76ಕ್ಕೆ ಅರವತ್ತು-ಹದಿನಾರು, ‘ಸ್ವಾಸಾಂತ್-ಸೆಜ಼್’. 92ಕ್ಕೆ ನಾಲ್ಕು ಇಪ್ಪತ್ತು-ಹನ್ನೆರಡು, ‘ಕಾತ್ರ-ವ್ಯಾಂ-ದೂಜ಼್’. ಫ್ರಾನ್ಸಿನಲ್ಲಿ ಫೋನ್ ನಂಬರನ್ನೂ ಹೀಗೇ ಜೋಡಿಯಾಗಿ ಹೇಳುತ್ತಾರೆ. ಹಸಿರು ದೀಪ ಬರುವುದರೊಳಗೆ ಮುಗಿಯಬೇಕು.

ಮರ್ಯಾದೆಯ ಲೆಕ್ಕ

‘ನೀನು’, ‘ನೀವು’ ಇದ್ದಂತೆ ‘ತ್ಯು’, ‘ವೂ’ ಇವೆ, ಆದರೆ ಗಡಿ ಬೇರೆ. ಅಪ್ಪ, ಅತ್ತೆ, ಅಣ್ಣನಿಗೆ ಅವರು ‘ತ್ಯು’ ಅನ್ನುವುದು ಸಾಮಾನ್ಯ. ಅಂಗಡಿಯವರಿಗೆ, ಹೋಟೆಲಿನ ಹುಡುಗನಿಗೆ ‘ವೂ’ ಅನ್ನಲೇಬೇಕು. ‘ಒಂದು ಕಾಫಿ ಕೊಡಿ’ ಎಂಬುದರಲ್ಲಿ ನಮಗೆ ಮರ್ಯಾದೆ ಇದೆ, ಫ್ರೆಂಚಿನಲ್ಲಿ ಹಾಗೇ ಅಂದರೆ ಅಪ್ಪಣೆಯಂತೆ ಕೇಳಿಸುತ್ತೆ. ಮೊದಲು ‘ಬೋಂಜೂರ್’, ಆಮೇಲೆ ‘ಜ್ ವುದ್ರೆ ಅಂ ಕಾಫೆ, ಸಿಲ್ ವೂ ಪ್ಲೆ’. ಬೋಂಜೂರ್ ಬಿಟ್ಟು ನೇರ ವಿಷಯಕ್ಕೆ ಬಂದರೆ ವ್ಯಾಕರಣ ಎಷ್ಟು ಶುದ್ಧವಿದ್ದರೂ ಮುಖ ಗಂಟಾಗುತ್ತೆ.

‘ಬರಲ್ವಾ?’ ಅಂದಾಗ ನಾವು ‘ಹೂಂ, ಬರಲ್ಲ’ ಅನ್ನುತ್ತೇವೆ. ಅಲ್ಲಿ ಬರುವುದಿಲ್ಲ ಅನ್ನಲು ‘ನೋಂ’, ಬರುತ್ತೇನೆ ಅನ್ನಲು ‘ಸೀ’. ಇಂಥ ಪ್ರಶ್ನೆಗೆ ಮಾಮೂಲಿ ಹೌದು, ಅಂದರೆ ‘ವೀ’, ಅಂದರೆ ಗೊಂದಲ. ತಲೆ ಅತ್ತಿತ್ತ ಆಡಿಸಿ ಸುಮ್ಮನಾಗುವುದೂ ಅವರಿಗೆ ತಿಳಿಯುವುದಿಲ್ಲ, ಬಾಯಿಬಿಟ್ಟು ‘ದಾಕೋರ್’, ಸರಿ, ಅನ್ನಿ.

ಜೊತೆಗಾರರು

ಗೋಕುಲಂನಲ್ಲಿ ಸಿಕ್ಕವರನ್ನೆಲ್ಲ ಹಿಡಿದು ಅಭ್ಯಾಸ ಮಾಡಬೇಡಿ. ಆಟೋ, ಮನೆ ಬಾಡಿಗೆ, ತರಕಾರಿಗೆ ಬೇಕಾಗುವ ಕನ್ನಡ ಕಲಿಸುತ್ತೇನೆ, ಬದಲಿಗೆ ಫ್ರೆಂಚ್ ಮಾತಾಡಿ ಎಂದು ಕೇಳಿದರೆ ಒಪ್ಪುತ್ತಾರೆ. 15 ನಿಮಿಷ ಕನ್ನಡ, 15 ನಿಮಿಷ ಫ್ರೆಂಚ್, ಗಡಿಯಾರ ಇಟ್ಟುಕೊಂಡೇ. ಇಲ್ಲದಿದ್ದರೆ ಐದೇ ನಿಮಿಷಕ್ಕೆ ಇಬ್ಬರೂ ಇಂಗ್ಲಿಷಿಗೆ ಜಾರುತ್ತಾರೆ. ನೇರ ಮಾತಿಗೆ ಅಳುಕಿದ್ದರೆ ವಾಟ್ಸಾಪ್ ಧ್ವನಿಸಂದೇಶದಿಂದ ಶುರುಮಾಡಿ, ಒಂದು ನಿಮಿಷದ್ದು, ಮರುರೆಕಾರ್ಡ್ ಹೆಚ್ಚೆಂದರೆ ಎರಡು ಸಲ.

ತಿದ್ದುವುದಕ್ಕೆ ಮೊದಲೇ ಒಪ್ಪಂದ ಬೇಕು. ಪ್ರತಿ ತಪ್ಪಿಗೂ ತಡೆದರೆ ಮಾತು ಸಾಯುತ್ತೆ, ತಿದ್ದದೇ ಹೋದರೆ ತಪ್ಪು ಗಟ್ಟಿಯಾಗುತ್ತೆ. ಕೊನೆಯಲ್ಲಿ ಮೂರೇ ಮೂರು ತಪ್ಪು ಬರೆದುಕೊಡಲು ಹೇಳಿ, ಮುಂದಿನ ಸಲ ಆ ಮೂರನ್ನು ಬಳಸುವ ವಾಕ್ಯಗಳಿಂದಲೇ ಶುರುಮಾಡಿ. ಲಿಂಗ ತಪ್ಪಿದ್ದನ್ನು ಆ ಪಟ್ಟಿಗೆ ಸೇರಿಸಬೇಡಿ, ಅದಕ್ಕೆ ಕೊನೆಯಿಲ್ಲ.

ಆನ್‌ಲೈನ್ ಜೊತೆಗಾರರು ಫ್ರಾನ್ಸಿನವರಾದರೆ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಕೆನಡಾದ ಮಾಂಟ್ರಿಯಲ್ಲಿನವರಾದರೆ ಚಳಿಗಾಲದಲ್ಲಿ ನಮ್ಮ ಬೆಳಗಿನ 7 ಗಂಟೆ ಅವರಿಗೆ ಹಿಂದಿನ ರಾತ್ರಿ ಎಂಟೂವರೆ. ಫ್ರಾನ್ಸ್ ಗಡಿಯಾರ ಬದಲಿಸುವುದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಆ ವಾರದ ಭೇಟಿಗೆ ಒಂದು ದಿನ ಮೊದಲೇ ಸಂದೇಶ ಹಾಕಿ ಸಮಯ ಖಚಿತ ಮಾಡಿಕೊಳ್ಳಿ.